ತಟ್ಟೆ ಹಿಡಿದವಳು ಗೈರುಹಾಜರು

ಜಿಲ್ಲಾ ವಿದ್ಯಾರ್ಥಿ ಮಾರ್ಗದರ್ಶನ ಕೋಶದ ಸಂಯೋಜನಾಧಿಕಾರಿಗಳಿಗೆ, ಊರೆಲ್ಲ ಓದಲೆಂದು ಬರೆದದ್ದು

ಮಾನ್ಯರೇ,

ನನ್ನ ತಂಗಿಯ ಮಗಳು ಕಾವ್ಯಾ ಗೈರುಹಾಜರಾಗಿರಲಿಲ್ಲ. ಹಾವೇರಿಯ ಕಲ್ಯಾಣಮಂಟಪದಲ್ಲಿ ತಾವು ನಡೆಸಿದ ‘ಕಾಲೇಜು ಆಯ್ಕೆ ಮಾರ್ಗದರ್ಶನ ಮೇಳ’ದಲ್ಲಿ ಅವಳ ಸರದಿ ಬಂದಾಗ ಅವಳು ತಮ್ಮ ಪಕ್ಕದಲ್ಲೇ, ವೇದಿಕೆಯ ಮೇಲೆ, ಏಲಕ್ಕಿ ಹಾರಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳು ಎತ್ತಿಕೊಟ್ಟ ಒಂದೊಂದೇ ಹಾರವನ್ನು ತಾವು ಶೇಕಡಾ ತೊಂಬತ್ತು ದಾಟಿದ ಮಕ್ಕಳ ಕೊರಳಿಗೆ ಹಾಕುತ್ತಿದ್ದಿರಿ. ಅದೇ ಹೊತ್ತಿಗೆ ಸಭಾಂಗಣದ ಹಿಂದಿನ ಮೂಲೆಯಲ್ಲಿ ತಮ್ಮ ಸಿಬ್ಬಂದಿ ಅವಳ ಸಂಖ್ಯೆಯನ್ನು ಕೂಗಿದರು. ಅವಳು ಮೇಜಿನ ಮುಂದೆ ಕಾಣಲಿಲ್ಲವೆಂದು ಅವಳಿಗೆ ಸಿಗಬೇಕಿದ್ದ ವಿಜ್ಞಾನದ ಸೀಟನ್ನು ಹಿಂದೆ ನಿಂತವರಿಗೆ ಕೊಟ್ಟರು. ಇದರ ಮೇಲೆ ನಾನು ಕೊಟ್ಟ ದೂರಿಗೆ ತಮ್ಮ ಕಚೇರಿಯ ಉತ್ತರ ಬಂದಿದೆ: ‘ಸದರಿ ವಿದ್ಯಾರ್ಥಿನಿಯು ಕರೆದ ಸಮಯದಲ್ಲಿ ಗೈರುಹಾಜರಾಗಿದ್ದರಿಂದ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’

ಇದನ್ನು ಓದಿದಾಗ ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಸಿಟ್ಟಾದರೆ ಯಾರ ಮೇಲಾದರೂ ನಾಲ್ಕು ಮಾತು ಹರಿಹಾಯ್ದು ಒಂದು ಕಪ್ ಚಹಾ ಕುಡಿದರೆ ಇಳಿಯುತ್ತದೆ. ಹೇಸಿಗೆ ಹಾಗಲ್ಲ, ಅದು ಊಟಕ್ಕೆ ಕುಳಿತಾಗ ನೆನಪಾಗುತ್ತದೆ.

ನಾನು ಸುಭಾಷ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಎಲ್ಲರಿಗೂ ಗೊತ್ತು. ನನ್ನ ಭಾಷೆಯೂ ಹಾಗೇ ಇರಲೆಂದು ಮೊದಲ ದೂರನ್ನು ಬಹಳ ಬಣ್ಣವಾಗಿ ಬರೆದಿದ್ದೆ. ‘ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥಗೊಳಿಸುತ್ತಿರುವುದಕ್ಕೆ ಕ್ಷಮೆಯಿರಲಿ’ ಎಂದು ಆರಂಭಿಸಿ, ‘ತಮ್ಮ ಕೃಪಾಕಾಂಕ್ಷಿ’ ಎಂದು ಮುಗಿಸಿದ್ದೆ. ಅದರ ಫಲ ಮೇಲಿನ ಉತ್ತರ. ಆದ್ದರಿಂದ ಈ ಸಲ ಖಾರ ಸ್ವಲ್ಪ ಮುಂದಾದರೆ ಅದಕ್ಕೆ ನಮ್ಮೂರ ಬೆಳೆಯನ್ನು ದೂರಬೇಡಿ, ತಮ್ಮ ಕಚೇರಿಯ ಗೊಬ್ಬರ ಅಂಥದ್ದು.

ಕಾವ್ಯಾಳನ್ನು ತಾವು ನೋಡಿದ್ದೀರಿ, ಆದರೆ ಅವಳ ಮುಖ ನೋಡಿಲ್ಲ. ಅದಕ್ಕಾಗಿ ಪರಿಚಯ ಮಾಡಿಕೊಡಬೇಕಾಗಿದೆ. ಅಗಡಿಯ ಹುಡುಗಿ. ತಂದೆ ಚನ್ನೇಶ ಹೊಲ ಮಾಡುತ್ತಾನೆ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಬೆಂಡೆ ಬೀಜ ಬೆಳೆದು ಕೊಡುತ್ತಾನೆ. ತಾಯಿ, ಅಂದರೆ ನನ್ನ ತಂಗಿ ಅರುಣಾ, ಮನೆಯಲ್ಲೇ ಕುಳಿತು ಹಾವೇರಿಯ ಹಸೀನಾಬಿಯವರ ಅಂಗಡಿಗೆ ಏಲಕ್ಕಿ ಹಾರ ಕಟ್ಟಿಕೊಡುತ್ತಾಳೆ. ಕಾವ್ಯಾ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ ಎಪ್ಪತ್ತಾರು ಪಡೆದಳು. ಟ್ಯೂಷನ್ ಇಲ್ಲ, ಗೈಡ್ ಪುಸ್ತಕವಿಲ್ಲ, ಹೊಲದ ಕೆಲಸ ತಪ್ಪಿಸಿಕೊಂಡವಳಲ್ಲ. ಆದಷ್ಟು ಓದಿದಳು, ತಿಳಿದಿದ್ದನ್ನು ಬರೆದಳು, ಅಷ್ಟು ಬಂತು.

ಈ ಎಪ್ಪತ್ತಾರು ಎಷ್ಟು ಅನಾಥ ಅಂಕವೆಂದು ಫಲಿತಾಂಶದ ದಿನವೇ ನನಗೆ ಗೊತ್ತಾಯಿತು. ಪಕ್ಕದ ಮನೆಯ ಉಡಚವ್ವ ಕೊಡ ಸೊಂಟಕ್ಕಿಟ್ಟುಕೊಂಡು ಬಂದು ಕೇಳಿದಳು, “ಎಷ್ಟು ಬಿತ್ತವಾ ಹುಡುಗಿಗೆ?” ಅರುಣಾ ಹೇಳಿದಳು. ಉಡಚವ್ವ “ಹೌದನ?” ಎಂದು ಕೊಡವನ್ನು ಇನ್ನೊಂದು ಬದಿಗೆ ಬದಲಿಸಿದಳು. ಫೇಲಾಗಿದ್ದರೆ ಕೊಡ ಇಳಿಸಿ ಕುಳಿತು ಸಮಾಧಾನ ಹೇಳುತ್ತಿದ್ದಳು. ತೊಂಬತ್ತಾರು ಬಿದ್ದಿದ್ದರೆ ಪೇಢೆ ಕೇಳುತ್ತಿದ್ದಳು. ಎಪ್ಪತ್ತಾರಕ್ಕೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ, ನೀರಿಗೆ ಹೋದಳು. ಉಡಚವ್ವನನ್ನು ನಾನು ದೂರುವುದಿಲ್ಲ. ಅವಳಿಗೆ ಸರಕಾರ ಸಂಬಳ ಕೊಟ್ಟು ಮಾರ್ಗದರ್ಶನ ಮಾಡೆಂದು ಕೂರಿಸಿಲ್ಲ. ತಮ್ಮನ್ನು ಕೂರಿಸಿದೆ, ಮತ್ತು ತಾವು ಮಾಡಿದ್ದು ಉಡಚವ್ವ ಮಾಡಿದ್ದಕ್ಕಿಂತ ಹೆಚ್ಚೇನಲ್ಲ.

ಕಾವ್ಯಾಳ ಆಸೆ ಏನೆಂದು ಕೇಳಿ. ಎರಡು ವರ್ಷದ ಹಿಂದೆ ಚನ್ನೇಶ ಬೀಜದ ಚೀಲ ಹಾಕಲು ರಾಣೆಬೆನ್ನೂರಿಗೆ ಹೋದಾಗ ಇವಳೂ ಜೊತೆಗೆ ಹೋಗಿದ್ದಳು. ಅಲ್ಲಿಯ ಪ್ರಯೋಗಾಲಯದಲ್ಲಿ ಒಬ್ಬ ಹೆಣ್ಣುಮಗಳು ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಜೋಡಿಸಿ ಸುತ್ತಿಡುತ್ತಿದ್ದಳಂತೆ. ಕೆಲವು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳೆತವೆ ಎಂದು ನೋಡಿ, ಈ ಬೀಜ ರೈತನ ಕೈಗೆ ಹೋಗಬಹುದೋ ಬೇಡವೋ ಎಂದು ಹೇಳುವುದು ಅವಳ ಕೆಲಸ. ಕಾವ್ಯಾ ಮನೆಗೆ ಬಂದವಳೇ ಅಪ್ಪನ ಹಳೆಯ ಟವೆಲ್ ಒದ್ದೆ ಮಾಡಿ ಜೋಳದ ಕಾಳು ಜೋಡಿಸಿ ಸುತ್ತಿಟ್ಟಳು. “ಬಿತ್ತೂಕಿಂತ ಮೊದಲ ಗೊತ್ತಾಕ್ಕೈತಿ ಮಾಮಾ. ಅಪ್ಪ ಹೊಲಕ್ಕ ಹಾಕಿ ದಾರಿ ಕಾಯೂದು ಬ್ಯಾಡ. ನಾ ಇದನ್ನ ಕಲೀತೇನಿ.” ಅಷ್ಟೇ ಅವಳ ಆಸೆ. ಡಾಕ್ಟರಲ್ಲ, ಎಂಜಿನಿಯರಲ್ಲ. ಆದರೆ ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಬೇಕು, ಜೀವಶಾಸ್ತ್ರವನ್ನು ಯಾರಾದರೂ ನಿಂತು ಕಲಿಸಬೇಕು. ಇಷ್ಟು ಸಣ್ಣ ಬೇಡಿಕೆಗೆ ಒಂದು ಕಾಲೇಜು ಹುಡುಕುವುದು ಇಷ್ಟು ಕಷ್ಟವಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮೊದಲು ನಾನು, ಚನ್ನೇಶ, ಕಾವ್ಯಾ ಮೂವರೂ ರಾಣೆಬೆನ್ನೂರಿಗೆ ಹೋದೆವು. ಬಸ್ ನಿಲ್ದಾಣದಿಂದ ಆಟೋ ಹತ್ತಿದರೆ ಆಟೋದ ಬೆನ್ನಿಗೂ, ದಾರಿಯ ಕಂಬಕ್ಕೂ, ಕಾಲೇಜಿನ ಕಾಂಪೌಂಡಿಗೂ ಫ್ಲೆಕ್ಸಿನಲ್ಲಿ ನಗುವ, ಹೆಚ್ಚು ಅಂಕದ ಮಕ್ಕಳ ಮುಖಗಳೇ. ಒಳಗೆ ಕುಳಿತಿದ್ದ ಮೇಡಂ ಹುಡುಗಿಯ ಹೆಸರು ಕೇಳಲಿಲ್ಲ, ಪರ್ಸೆಂಟೇಜ್ ಕೇಳಿದರು. ಹೇಳಿದ ಕೂಡಲೇ ಅವರ ನಗೆ ಅರ್ಧಕ್ಕೆ ನಿಂತಿತು. “ಬಿ ಬ್ಯಾಚಿನ್ಯಾಗ ಜಾಗ ಐತ್ರಿ” ಎಂದರು. ಬಿ ಬ್ಯಾಚ್ ಹಿಂದಿನ ಕಟ್ಟಡದಲ್ಲಿ. ಮೊದಲು ಅದು ಗೋದಾಮಾಗಿತ್ತೆಂದು ವಾಸನೆಯೇ ಹೇಳುತ್ತಿತ್ತು. ನಾನು ಕೇಳಿದೆ, “ಎ ಬ್ಯಾಚಿಗೆ ಕಲಸೋ ಸರ್‌ಗೋಳ ಇವರಿಗೂ ಕಲಸ್ತಾರೇನ್ರಿ?” ಅವರು ಬಹಳ ಪ್ರಾಮಾಣಿಕವಾಗಿ, “ಟೈಮ್ ಸಿಕ್ಕರ ಬರ್ತಾರ್ರಿ” ಎಂದರು. ಫೀ ಮಾತ್ರ ಎರಡೂ ಬ್ಯಾಚಿಗೆ ಒಂದೇ. ಮುಂದಿನ ಕಟ್ಟಡದ ಮಕ್ಕಳ ಮುಖವನ್ನು ಫ್ಲೆಕ್ಸಿಗೆ ಏರಿಸಲು ಹಿಂದಿನ ಕಟ್ಟಡದ ಮಕ್ಕಳ ಅಪ್ಪಂದಿರು ಹಣ ಕಟ್ಟುವ ವ್ಯವಸ್ಥೆ ಇದು. ಇದನ್ನು ಶಿಕ್ಷಣ ಎನ್ನುತ್ತಾರೆ, ನಾವು ಮಾರುಕಟ್ಟೆಯವರು ಇದಕ್ಕೆ ಬೇರೆ ಹೆಸರಿಡುತ್ತೇವೆ. ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಬಳಿಕ ನಮ್ಮ ಬ್ಯಾಡಗಿ. ಇಲ್ಲಿ ನನ್ನ ಮನೆಯಲ್ಲೇ ಇದ್ದು ಓದಬಹುದಿತ್ತು. ನಾವು ನೋಡಿದ ಕಾಲೇಜಿನಲ್ಲಿ ವಿಜ್ಞಾನ ಇದೆ, ಬೋರ್ಡ್ ಇದೆ, ಪ್ರಯೋಗಾಲಯವೂ ಇದೆ, ಅದಕ್ಕೆ ಬೀಗವೂ ಇದೆ. ಜವಾನ ಮೈಲಾರಪ್ಪ ಒಳ್ಳೆಯ ಮನುಷ್ಯ, ಬಾಗಿಲವರೆಗೆ ಕರೆದೊಯ್ದ. “ಬಯಾಲಜಿ ಸರ್ ವರ್ಗ ಆಗಿ ಹೋಗ್ಯಾರ್ರಿ. ಕೀಲಿ ಅವರ ಕಡೇನ ಉಳದೈತಿ” ಎಂದ. ಹೊಸಬರು ಯಾವಾಗ ಬರುತ್ತಾರೆಂದು ಕೇಳಿದೆ. “ಆದೇಶ ಬಂದ ಮ್ಯಾಲೆ ಬರ್ತಾರ್ರಿ.” ಆದೇಶ ಯಾವಾಗ? “ಅದು ನಮ್ಮ ಕಡೆ ಇಲ್ರಿ, ಮ್ಯಾಲಿನವರ ಕಡೆ ಐತಿ.” ಕಾವ್ಯಾ ಕಿಟಕಿಯ ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ನೋಡಿದಳು. ಮುರಿದ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು.

ಮೂರನೆಯದು ಹಾವೇರಿಯಲ್ಲಿ. ಹೆಸರು ಹೇಳುವುದಿಲ್ಲ, ಒಳ್ಳೆಯ ಕಾಲೇಜಿನ ಹೆಸರು ಹೇಳಿದರೆ ಅದಕ್ಕೂ ಯಾರಾದರೂ ಫ್ಲೆಕ್ಸ್ ಕಟ್ಟಿಯಾರು ಎಂಬ ಭಯ. ದೊಡ್ಡ ಕಟ್ಟಡವೇನಲ್ಲ, ಸುಣ್ಣ ಕಂಡು ಬಹಳ ದಿನವಾಗಿದೆ. ಆದರೆ ನಾವು ಹೋದಾಗ ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಒಳಗೆ ಉಪನ್ಯಾಸಕಿಯೊಬ್ಬರು ಎರಡನೇ ವರ್ಷದ ಮಕ್ಕಳಿಗೆ ಈರುಳ್ಳಿಯ ಪೊರೆ ತೆಗೆದು ಗಾಜಿನ ಮೇಲೆ ಇಡುವುದನ್ನು ತೋರಿಸುತ್ತಿದ್ದರು. ಹೊರಗೆ ನಿಂತ ಕಾವ್ಯಾಳನ್ನು ನೋಡಿ, “ಒಳಗ ಬಾರವಾ, ಅಲ್ಲೇನ ನಿಂತಿ?” ಎಂದರು. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಆ ಉಪನ್ಯಾಸಕಿ ಅವಳ ಪರ್ಸೆಂಟೇಜ್ ಕೇಳಲಿಲ್ಲ. ಅಗಡಿಯಿಂದ ಬಸ್ಸಿದೆ, ನಿಲ್ದಾಣದಿಂದ ನಡೆದು ಹೋಗಬಹುದು, ಸಂಜೆ ಹೊತ್ತಿಳಿಯುವುದರೊಳಗೆ ಮನೆ. ಚನ್ನೇಶ ಅಲ್ಲೇ, “ಇದ ಸಾಕು” ಎಂದ. ನನಗೂ ಸಾಕಾಗಿತ್ತು.

ಆದರೆ ಪ್ರಾಚಾರ್ಯರು ಕೈಚೆಲ್ಲಿದರು. “ನಮ್ಮ ಕಡೆ ಇದ್ದ ಸೀಟು ಮುಗದಾವ್ರಿ. ಉಳಿದವನ್ನ ಈ ವರ್ಷ ಕೋಶದವರಿಗೆ ಒಪ್ಪಿಸೇವಿ. ಮೇಳದಾಗ ನಡುವಿನ ಮಕ್ಕಳಿಗೆ ಅವರ ಹಂಚ್ತಾರ. ಅಲ್ಲಿಂದ ಒಂದು ಶಿಫಾರಸು ತಗೊಂಡು ಬರ್ರಿ, ಕಣ್ಣು ಮುಚ್ಚಿ ಸೇರಿಸ್ಕೊಂತೇನಿ.” ಹೀಗೆ ನಾನೂ ಕಾವ್ಯಾಳೂ ತಮ್ಮ ಬಾಗಿಲಿಗೆ ಬಂದೆವು. ಬೇಡಲು ಬಂದದ್ದಲ್ಲ, ತಾವೇ ಮಾಡಿದ ನಿಯಮದಂತೆ ಬಂದದ್ದು.

ಈಗ ತಮ್ಮ ಮೇಳದ ವೈಭವ. ಬಾಗಿಲಲ್ಲೇ ಮಕ್ಕಳ ಅಂಕಪಟ್ಟಿ ನೋಡಿ ಎದೆಗೆ ಬಣ್ಣದ ಬಿಲ್ಲೆ ಹಚ್ಚುತ್ತಿದ್ದರು. ತೊಂಬತ್ತರ ಮೇಲಿನವರಿಗೆ ಹಸಿರು, ಅವರಿಗೆ ಮುಂದಿನ ಸಾಲಿನಲ್ಲಿ ಬಟ್ಟೆ ಹೊದಿಸಿದ ಕುರ್ಚಿ, ಬಾದಾಮಿ ಹಾಲು, ವಿದ್ಯಾರ್ಥಿವೇತನದ ಮಾತು. ಫೇಲಾದವರಿಗೆ ಮತ್ತು ಕಡಿಮೆ ಬಂದವರಿಗೆ ಗುಲಾಬಿ, ಅವರಿಗೆ ಪಕ್ಕದ ಕೋಣೆಯಲ್ಲಿ ‘ವಿಶೇಷ ಕಾಳಜಿ’ ಗೋಷ್ಠಿ, ಧೈರ್ಯ ಹೇಳಲು ಇಬ್ಬರು ತಜ್ಞರು. ಇದು ಒಳ್ಳೆಯದೇ. ನಡುವಿನವರಿಗೆ ಹಳದಿ. ಹಳದಿಯವರಿಗಾಗಿ ಏನಿದೆಯೆಂದು ನಾನು ಗೋಡೆಗೆ ಅಂಟಿಸಿದ ಕಾರ್ಯಕ್ರಮ ಪಟ್ಟಿ ಓದಿದೆ. ಹಸಿರಿನ ಮುಂದೆ ‘ಸನ್ಮಾನ ಮತ್ತು ಸಂವಾದ’, ಗುಲಾಬಿಯ ಮುಂದೆ ‘ಆಪ್ತ ಸಮಾಲೋಚನೆ’, ಹಳದಿಯ ಮುಂದೆ ‘ಟೋಕನ್ ಪ್ರಕಾರ ಸೀಟು ಹಂಚಿಕೆ ಹಾಗೂ ಊಟ’. ಮಾರ್ಗದರ್ಶನ ಮೇಳಕ್ಕೆ ಬಂದ ಅತಿ ಹೆಚ್ಚು ಮಕ್ಕಳಿಗೆ ತಾವು ತೋರಿಸಿದ ಮಾರ್ಗ ಊಟದ ಮನೆಯದು.

ಮಾತಾಡಲು ದೂರದಿಂದ ಒಬ್ಬ ಸಂಪನ್ಮೂಲ ವ್ಯಕ್ತಿಯನ್ನು ಕರೆಸಿದ್ದಿರಿ. ಪ್ರಶ್ನೆ ಕೇಳಿ ಎಂದಾಗ ಕಾವ್ಯಾ ಎದ್ದು ನಿಂತಳು. ಅವಳು ಸಾಮಾನ್ಯವಾಗಿ ಎದ್ದು ನಿಲ್ಲುವವಳಲ್ಲ. “ಬೀಜ ಪರೀಕ್ಷೆ ಮಾಡೋ ಲ್ಯಾಬಿನ್ಯಾಗ ಕೆಲಸ ಮಾಡಬೇಕಂದ್ರ ಪಿಯುಸಿ ಆದ ಮ್ಯಾಲೆ ಏನ ಓದಬೇಕ್ರಿ ಸರ್?” ಎಂದು ಕೇಳಿದಳು. ಅವರು ಮೈಕು ಬಾಯಿಗೆ ಹತ್ತಿರ ತಂದು, “ಬೀಜ ಯಾಕಮ್ಮಾ? ಹೆಮ್ಮರ ಆಗೋದನ್ನ ಯೋಚನೆ ಮಾಡು!” ಎಂದರು. ಇಡೀ ಸಭೆ ಚಪ್ಪಾಳೆ ತಟ್ಟಿತು, ತಾವೂ ತಟ್ಟಿದಿರಿ. ಕಾವ್ಯಾ ಇನ್ನೂ ನಿಂತೇ ಇದ್ದಳು, ಉತ್ತರ ಬರುತ್ತದೆಂದು. ಮೈಕು ಮುಂದೆ ಹೋಯಿತು.

ಸರಿ, ಉತ್ತರ ಬೇಡ, ಸೀಟು ಸಿಕ್ಕರೆ ಸಾಕು ಎಂದುಕೊಂಡು ಟೋಕನ್ ಹಿಡಿದು ಕುಳಿತೆವು. ಈಗ ಏಲಕ್ಕಿ ಹಾರದ ವಿಷಯ. ತಮ್ಮ ಸನ್ಮಾನಕ್ಕೆ ಹಾರಗಳನ್ನು ಹಸೀನಾಬಿಯವರ ಅಂಗಡಿಯಿಂದ ತರಿಸಿದ್ದಿರಿ. ಅವನ್ನು ಕಟ್ಟಿದ್ದು ಅರುಣಾ, ಸಂಜೆಯ ಹೊತ್ತು ಕೈಜೋಡಿಸಿದ್ದು ಕಾವ್ಯಾ. “ಹೆಂಗೂ ನೀವು ಅಲ್ಲೇ ಹೊಂಟೀರಲ್ಲ, ಈ ಡಬ್ಬಿ ಮುಟ್ಟಿಸಿಬಿಡ್ರಿ” ಎಂದು ಹಸೀನಾಬಿ ಹೇಳಿದ್ದರಿಂದ ನಾವೇ ತಂದಿದ್ದೆವು. ಹಾವೇರಿಯಲ್ಲಿ ಯಾರಿಗೆ ಯಾವ ಸನ್ಮಾನವಾದರೂ ಏಲಕ್ಕಿ ಹಾರ ಬೇಕೇ ಬೇಕು. ಆದರೆ ಅದನ್ನು ಹೇಗೆ ಎತ್ತಬೇಕೆಂದು ಹಾಕುವವರಿಗೂ ಗೊತ್ತಿಲ್ಲ, ಹಾಕಿಸಿಕೊಳ್ಳುವವರಿಗೂ ಗೊತ್ತಿಲ್ಲ. ರೇಷ್ಮೆ ನೂಲಿನ ಕುಚ್ಚು, ಒಂದರ ಮೇಲೊಂದಿದ್ದಾಗ ಸುಮ್ಮನೆ ಎಳೆದರೆ ಪಕ್ಕದ ಹಾರಕ್ಕೆ ಸಿಕ್ಕಿಬೀಳುತ್ತದೆ.

ತಮ್ಮ ಸಿಬ್ಬಂದಿಯೊಬ್ಬರು ಹಾಗೇ ಎಳೆದರು. ಎರಡು ಹಾರ ಒಂದಕ್ಕೊಂದು ಸಿಕ್ಕಾಗಿ ಬಂದವು. ಕಾವ್ಯಾಳಿಗೆ ತಡೆಯಲಿಲ್ಲ. “ಹಂಗ ಜಗ್ಗಬ್ಯಾಡ್ರಿ ಸರ್, ಹರೀತಾವ” ಎಂದು ಎದ್ದು ಹೋಗಿ ಬೆರಳಿನಿಂದ ಬಿಡಿಸಿ, ಎಲ್ಲ ಹಾರಗಳನ್ನು ತಟ್ಟೆಯಲ್ಲಿ ಸರಿಯಾಗಿ ಹರಡಿದಳು. ಅವರು ನೋಡಿ, “ಅಬಬಾ, ನಿನಗ ಬರತೈತಲ್ಲ! ಹಂಗಾರ ನೀನ ಹಿಡ್ಕೊಂಡು ನಿಂದರವಾ, ಐದ ನಿಮಿಷ” ಎಂದರು. ಅವಳು ಟೋಕನ್ ತೋರಿಸಿ, “ನನ್ನ ನಂಬರ್ ಕರದ್ರ ಸರ್?” ಎಂದಳು. “ನಾವಿಲ್ಲೇನ? ಕರದ್ರ ಹೇಳತೇವಿ. ಹೋಗ ಹೋಗ, ಸಾಹೇಬ್ರು ಎದ್ರು.”

ತಾವು ಎದ್ದಿರಿ. ಐದು ನಿಮಿಷದ ಸನ್ಮಾನ ಎಲ್ಲಿಯಾದರೂ ನಡೆದದ್ದುಂಟೇ? ಪ್ರತಿಯೊಬ್ಬರಿಗೂ ಶಾಲು, ಪೇಟ, ಹಾರ, ಫೋಟೋ, ಅಪ್ಪ ಅಮ್ಮನ ಜೊತೆ ಇನ್ನೊಂದು ಫೋಟೋ, ಅವರ ಕಾಲೇಜಿನವರ ಜೊತೆ ಮತ್ತೊಂದು. ವೇದಿಕೆಗೆ ಮೈಕು ಬೇಕೆಂದು ಹಿಂದಿನ ಮೂಲೆಯ ಮೈಕನ್ನು ಬಿಚ್ಚಿ ತಂದರು. ಆದರೆ ಸೀಟು ಹಂಚಿಕೆ ನಿಲ್ಲಿಸಲಿಲ್ಲ, ಬರೀ ಬಾಯಲ್ಲಿ ಕೂಗಲು ಶುರು ಮಾಡಿದರು. ನಾನು ಮೇಜಿನ ಹತ್ತಿರವೇ ನಿಂತಿದ್ದರಿಂದ ಕಾವ್ಯಾಳ ಸಂಖ್ಯೆ ನನಗೆ ಕೇಳಿತು.

ಮುಂದಿನ ಸಂಭಾಷಣೆಯನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ತಮ್ಮ ಕಚೇರಿಯ ತರಬೇತಿಗೆ ಉಪಯೋಗವಾದೀತು.

“ಅದ ನಮ್ಮ ಹುಡುಗೀದ್ರಿ. ಹಾವೇರಿ ಕಾಲೇಜು, ಸೈನ್ಸ್” ಎಂದೆ.

“ಹುಡುಗಿ ಎಲ್ಲಿ?”

“ಅಗೋ ಅಲ್ಲಿ ಸ್ಟೇಜಿನ ಮ್ಯಾಲೆ ಅದಾಳ ನೋಡ್ರಿ, ನಿಮ್ಮ ಸಾಹೇಬ್ರ ಪಕ್ಕಕ್ಕ. ತಟ್ಟಿ ಹಿಡದಾಳಲ್ಲ, ಅಕಿನ.”

ಮೇಜಿನ ಹಿಂದಿನವರು ಕತ್ತೆತ್ತಿ ವೇದಿಕೆ ನೋಡಿದರು. “ಕಾಣತಾಳ್ರಿ. ಆದ್ರ ಟೇಬಲ್ ಮುಂದ ಇಲ್ಲಲ್ಲ.”

“ಎರಡ ನಿಮಿಷ ತಡೀರಿ, ಕರಕೊಂಡ ಬರ್ತೇನಿ.”

“ವಿದ್ಯಾರ್ಥಿ ಖುದ್ದು ಹಾಜರಿರಬೇಕಂತ ರೂಲ್ ಐತ್ರಿ. ಒಬ್ಬರಿಗೆ ತಡದ್ರ ಎಲ್ಲಾರೂ ತಡೀರಿ ಅಂತಾರ.”

ನಾನು ಜನರನ್ನು ಸರಿಸಿಕೊಂಡು ವೇದಿಕೆಯ ಮೆಟ್ಟಿಲಿಗೆ ಓಡಿದೆ. ಅಲ್ಲಿ ನಿಂತ ಸ್ವಯಂಸೇವಕ ಕೈ ಅಡ್ಡ ಹಿಡಿದ. “ಸನ್ಮಾನ ನಡದೈತ್ರಿ, ನಡುವ ಹೋಗಬಾರದು.” ನಾನು ಕೆಳಗಿನಿಂದಲೇ ಕೈ ಮಾಡಿದೆ. ಕಾವ್ಯಾ ನನ್ನನ್ನು ನೋಡಿದಳು, ಅವಳಿಗೆ ತಿಳಿಯಿತು. ತಟ್ಟೆ ನೋಡಿದಳು, ತಮ್ಮನ್ನು ನೋಡಿದಳು. ಬಾಯಿ ತೆರೆದಳು ಕೂಡ. ಅದೇ ಕ್ಷಣಕ್ಕೆ ತಾವು ಕ್ಯಾಮೆರಾದ ಕಡೆಗೆ ನಗುತ್ತಲೇ ಕೈಯನ್ನು ಹಿಂದಕ್ಕೆ ಚಾಚಿ, “ಹೂಂ, ಮುಂದಿಂದು” ಎಂದಿರಿ. ಅವಳು ಬಾಯಿ ಮುಚ್ಚಿ, ಹಾರವನ್ನು ಕುಚ್ಚು ಸಿಗದಂತೆ ಎತ್ತಿ, ತಮ್ಮ ಕೈಗಿತ್ತಳು.

ನಾನು ಮೇಜಿಗೆ ಮರಳುವುದರೊಳಗೆ ಎಲ್ಲ ಮುಗಿದಿತ್ತು. ಹಾವೇರಿಯ ಆ ಕಾಲೇಜಿನ ಕೊನೆಯ ಸೀಟು ಅದೇ ಆಗಿತ್ತು. ಪಡೆದ ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನೂ ಹಳದಿಯವನೇ.

ಕಾವ್ಯಾ ಖಾಲಿ ತಟ್ಟೆ ಹಿಡಿದು ಕೆಳಗಿಳಿದಳು. ‘ಕರೆದರೆ ಹೇಳುತ್ತೇವೆ’ ಎಂದಿದ್ದವರು ತಟ್ಟೆ ಇಸಿದುಕೊಂಡು, “ಶಭಾಷ್, ಭಾಳ ಚಂದ ನಿಂತಿದ್ದಿ ನೋಡು” ಎಂದು ಊಟದ ಕೂಪನ್ ಕೊಟ್ಟರು. ನಾನು ಅವಳಿಗೆ ಕೇಳಿದೆ, “ತಟ್ಟಿ ಕೆಳಗಿಟ್ಟು ಬರಬಾರದಾಗಿತ್ತೇನವಾ?” ಅವಳು ಹೇಳಿದಳು, “ಇಟ್ಟಿದ್ರ ಎಲ್ಲಾ ಹಾರ ಸಿಕ್ಕಾಗತಿದ್ವು ಮಾಮಾ. ಅವ್ವ ಕಟ್ಯಾಳಲ್ಲ.” ಊಟ ಮಾಡದೆ ಅಗಡಿ ಬಸ್ಸು ಹತ್ತಿದೆವು. ಮನೆಯಲ್ಲಿ ಅರುಣಾ ಮೊದಲು ಮಗಳಿಗೆ ಬೈದಳು, ಆಮೇಲೆ ಒಲೆಯ ಮುಂದೆ ಕುಳಿತು ಅತ್ತಳು. ಚನ್ನೇಶ ಮಾತ್ರ, “ದೊಡ್ಡವರು ಹಿಡೀ ಅಂದ ಮ್ಯಾಲೆ ಹುಡುಗಿ ಏನ ಮಾಡಬೇಕು?” ಎಂದು ಹೊಲಕ್ಕೆ ಹೋದ.

ಅವನ ಮಾತೇ ನನ್ನನ್ನು ಕೊರೆಯುತ್ತಿದೆ, ಮಾನ್ಯರೇ. ತಾವು ಇಷ್ಟು ವರ್ಷ ಎಷ್ಟು ಸಮಾರಂಭಗಳಲ್ಲಿ ಕುಳಿತಿದ್ದೀರಿ, ಒಮ್ಮೆ ನೆನಪು ಮಾಡಿಕೊಳ್ಳಿ. ಪ್ರಾರ್ಥನೆ ಹಾಡುವವರು ಯಾರು? ಬಾಗಿಲಲ್ಲಿ ಕುಂಕುಮ, ಕಲ್ಲುಸಕ್ಕರೆ ಹಿಡಿದು ನಿಲ್ಲುವವರು ಯಾರು? ಬೆಂಚು ಹೊರುವವರು, ನೀರಿನ ಬಾಟಲಿ ಇಡುವವರು, ಅತಿಥಿ ತಡವಾಗಿ ಬಂದರೆ ಬಿಸಿಲಲ್ಲಿ ಸಾಲಾಗಿ ಕಾಯುವವರು? ಮೊದಲ ಸ್ಥಾನದವರನ್ನು ತಾವು ಅದಕ್ಕೆ ಕರೆಯುವುದಿಲ್ಲ, ಅವರ ಓದು ಕೆಡುತ್ತದೆ. ಹಿಂದೆ ಬಿದ್ದವರನ್ನು ಕರೆಯುವುದಿಲ್ಲ, ಅವರ ಮೇಲೆ ನಂಬಿಕೆಯಿಲ್ಲ. ಈ ನಡುವಿನ ಮಕ್ಕಳನ್ನು ಕರೆಯುತ್ತೀರಿ, ಹೇಳಿದ್ದನ್ನು ಮಾಡುತ್ತಾರೆಂದು. ಕೆಲಸಕ್ಕೆ ಬೇಕಾದಾಗ ಇವರಷ್ಟು ಒಳ್ಳೆಯವರಿಲ್ಲ, ಸೀಟಿನ ಮಾತು ಬಂದಾಗ ಇವರು ಇಲ್ಲವೇ ಇಲ್ಲ. ಹೇಳಿದ್ದನ್ನು ಕೇಳುವ ಗುಣವೇ ಒಂದು ಮಗುವಿಗೆ ಮುಳುವಾಗುವುದಾದರೆ ಆ ಮಗುವಿಗೆ ಮುಂದೆ ಏನೆಂದು ಬುದ್ಧಿ ಹೇಳಲಿ? ದೊಡ್ಡವರು ಕರೆದರೆ ಕಿವಿ ಕೇಳದವಳ ಹಾಗೆ ಇದ್ದುಬಿಡು ಎನ್ನಲೇ?

ನಮ್ಮ ಮಾರುಕಟ್ಟೆಗೆ ನಡುವಿನ ದರ್ಜೆಯ ಮೆಣಸಿನಕಾಯಿ ಬರುತ್ತದೆ. ಅದರ ರಾಶಿಯ ಮುಂದೆಯೂ ಖರೀದಿದಾರ ನಿಲ್ಲುತ್ತಾನೆ, ಒಂದು ಕಾಯಿ ಮುರಿದು ನೋಡುತ್ತಾನೆ, ಏನೋ ಒಂದು ಬೆಲೆ ಹೇಳುತ್ತಾನೆ. ಒಣಮೆಣಸಿನಕಾಯಿಗೆ ಇರುವಷ್ಟು ಮರ್ಯಾದೆ ಎಪ್ಪತ್ತಾರು ಪಡೆದ ಮಗುವಿಗೆ ತಮ್ಮ ಮಂಟಪದಲ್ಲಿ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ. ತಮಗೆ ಓದುವಾಗ ಆಗಲೆಂದು ಆಶಿಸುತ್ತೇನೆ.

ಗೈರುಹಾಜರಿಗೆ ಸಾಕ್ಷಿ ಬೇಕೆ? ತಮ್ಮ ಕೋಶದವರೇ ಎಲ್ಲರ ಮೊಬೈಲಿಗೆ ಕಳಿಸಿದ ಫೋಟೋ ತೆರೆದು ನೋಡಿ. ನಡುವೆ ತಾವು, ತಮ್ಮ ಮುಂದೆ ಪೇಟ ಸುತ್ತಿದ ಹುಡುಗ. ಎಡ ಅಂಚಿನಲ್ಲಿ ಒಂದು ತಟ್ಟೆ, ಎರಡು ಕೈ, ಒಂದು ಹೆಗಲು, ಹೆಗಲ ಕೆಳಗೆ ಹಳದಿ ಬಿಲ್ಲೆ. ಮುಖ ಬರುವ ಜಾಗಕ್ಕೆ ಫೋಟೋ ಕತ್ತರಿಸಲಾಗಿದೆ. ಆ ಕೈಗಳನ್ನು ಅರುಣಾ ಗುರುತಿಸುತ್ತಾಳೆ, ನಾನು ಗುರುತಿಸುತ್ತೇನೆ. ತಾವು ಗುರುತಿಸದಿದ್ದರೆ ಅದು ಕಣ್ಣಿನ ದೋಷವಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ತಮ್ಮ ವ್ಯವಸ್ಥೆಗೆ ಅನ್ಯಾಯ ಮಾಡಿದಂತಾಗುತ್ತದೆ. ಅಂದು ತಮ್ಮಿಂದ ಹಾರ ಹಾಕಿಸಿಕೊಂಡ ಒಬ್ಬ ವಿದ್ಯಾರ್ಥಿ, ಇರಲಿ ಎಂದು ಮುಂಚೆಯೇ ಹಾವೇರಿಯ ಅದೇ ಕಾಲೇಜಿನಲ್ಲಿ ಒಂದು ಸೀಟು ಹಿಡಿದಿಟ್ಟಿದ್ದನಂತೆ. ಈಗ ದೊಡ್ಡ ಊರಿನ ದೊಡ್ಡ ಕಾಲೇಜು ಸಿಕ್ಕಿ ಇದನ್ನು ಬಿಟ್ಟು ಹೋಗಿದ್ದಾನೆ. ಸೀಟು ಖಾಲಿ ಇದೆ. ಪ್ರಾಚಾರ್ಯರು ಫೋನ್ ಮಾಡಿ, “ಬಿಟ್ಟ ಸೀಟೂ ಕೋಶದ ಲೆಕ್ಕಕ್ಕ ಹೋಗತೈತ್ರಿ. ಕೋಶದಿಂದ ಒಂದು ಸಾಲು ಬರಸ್ಕೊಂಡ ಬರ್ರಿ, ನಾಳಿನ ಸೇರಿಸ್ಕೊಂತೇನಿ” ಎಂದರು. ತಮ್ಮ ಕಚೇರಿಗೆ ಹೋದರೆ, ಒಮ್ಮೆ ಗೈರುಹಾಜರೆಂದು ದಾಖಲಾದವರಿಗೆ ಮತ್ತೆ ಶಿಫಾರಸು ಕೊಡುವಂತಿಲ್ಲ ಎಂದರು. ಅಲ್ಲಿ ಬೆಂಚು ಖಾಲಿ, ಇಲ್ಲಿ ಹುಡುಗಿ ಖಾಲಿ ಕುಳಿತಿದ್ದಾಳೆ. ನಡುವೆ ನಿಂತಿರುವುದು ತಮ್ಮ ಆ ಒಂದು ಶಬ್ದ. ತರಗತಿಗಳು ಆರಂಭವಾಗಿವೆ, ಈ ತಿಂಗಳು ಮುಗಿದರೆ ಪ್ರವೇಶವೂ ಮುಗಿಯುತ್ತದೆ. ಆಮೇಲೆ ಅವಳು ವಿಜ್ಞಾನ ಬಿಟ್ಟು ಸಿಕ್ಕಿದ್ದನ್ನು ಓದಬೇಕು, ಅಥವಾ ಆ ಗೋದಾಮಿನಲ್ಲಿ ಕುಳಿತು ಯಾರಿಗಾದರೂ ಟೈಮ್ ಸಿಗಲೆಂದು ಕಾಯಬೇಕು.

ಈಗ ಅವಳು ಮನೆಯಲ್ಲಿ ಏನು ಮಾಡುತ್ತಿದ್ದಾಳೆ, ಗೊತ್ತೇ? ಮೊನ್ನೆ ಅಗಡಿಗೆ ಹೋದಾಗ ತಾಯಿ ಮಗಳು ಇಬ್ಬರೂ ಏಲಕ್ಕಿಯ ಮೊರ ಮುಂದಿಟ್ಟುಕೊಂಡು ಕುಳಿತಿದ್ದರು. ಹಸೀನಾಬಿ ದೊಡ್ಡ ಹಾರವೊಂದಕ್ಕೆ ಹೇಳಿದ್ದರು, ಐದು ಎಳೆಯದು, ನಡುವೆ ಜರಿಯ ಪದಕ. ಮೇಳವನ್ನು ಯಶಸ್ವಿಯಾಗಿ ನಡೆಸಿದ ಅಧಿಕಾರಿಗೆ ನಾಗರಿಕರಿಂದ ಸನ್ಮಾನವಂತೆ. ಹೌದು, ತಮಗೇ. ಹಸೀನಾಬಿಗೆ ವಿಷಯ ತಿಳಿದ ಮೇಲೆ ಅವರೇ ಮನೆಗೆ ಬಂದು, “ಬ್ಯಾಡಂದ್ರ ಬ್ಯಾಡ ಅರುಣಾ, ನಾ ಬ್ಯಾರೇದವರ ಕಡೆ ಕಟ್ಟಿಸ್ತೇನಿ” ಎಂದರಂತೆ. ಅರುಣಾ ಒಪ್ಪಲಿಲ್ಲ. ನಾನಂತೂ ಮೊರವನ್ನು ಎತ್ತಿ ಅಂಗಳಕ್ಕೆ ಸುರಿಯುವವನಿದ್ದೆ. ಕಾವ್ಯಾ ತಲೆ ಎತ್ತದೆ ಕೇಳಿದಳು, “ಅವ್ವ, ಇದನ್ನೂ ಚಂದಾಗೇ ಕಟ್ಟೂದನ?” ಅರುಣಾ ನೂಲಿನ ಗಂಟು ಹಲ್ಲಿನಲ್ಲಿ ಬಿಗಿದು, “ಚಂದಾಗೇ ಕಟ್ಟವಾ. ನಮ್ಮ ಕೈ ಯಾಕ ಕೆಡಬೇಕು?” ಎಂದಳು. ಇಬ್ಬರೂ ಮತ್ತೆ ಕಟ್ಟತೊಡಗಿದರು. ಆ ಹಾರದಲ್ಲಿ ಒಂದು ಕಾಯಿಯೂ ಓರೆಯಿಲ್ಲ, ತಾವು ನೋಡಿಯೇ ನೋಡುತ್ತೀರಿ.

ನನ್ನ ಬೇಡಿಕೆ ಇಷ್ಟೇ. ಗೈರುಹಾಜರು ಎಂದು ಬರೆದದ್ದನ್ನು ಹೊಡೆದುಹಾಕಿ. ‘ವಿದ್ಯಾರ್ಥಿನಿಯನ್ನು ನಮ್ಮ ಕೆಲಸಕ್ಕೆ ನಾವೇ ನಿಲ್ಲಿಸಿಕೊಂಡಿದ್ದೆವು’ ಎಂದು ಅದೇ ಜಾಗದಲ್ಲಿ ಬರೆಯಿರಿ, ಮತ್ತು ಖಾಲಿ ಇರುವ ಆ ಸೀಟಿಗೆ ಅವಳ ಹೆಸರನ್ನು ಈ ವಾರವೇ ಕಳಿಸಿ. ಮುಂದಿನ ವರ್ಷದ ಮೇಳದಲ್ಲಿ ಹಳದಿ ಬಿಲ್ಲೆಯ ಮಕ್ಕಳ ಎದುರಿಗೆ, ಅವರ ಪ್ರಶ್ನೆಗೆ ಚಪ್ಪಾಳೆಯ ಬದಲು ಉತ್ತರ ಕೊಡುವ ಒಬ್ಬರನ್ನು ಕೂರಿಸಿ. ತಟ್ಟೆ ಹಿಡಿಯಲು ತಮ್ಮ ಕಚೇರಿಯಲ್ಲೇ ಬೇಕಾದಷ್ಟು ಕೈಗಳಿವೆ.

ತಮ್ಮ ಸನ್ಮಾನದ ದಿನ ಹಾರ ತಪ್ಪದೆ ಬರುತ್ತದೆ. ಆದರೆ ಅದನ್ನು ಎತ್ತಿಕೊಡಲು ಕಾವ್ಯಾ ಬರುವುದಿಲ್ಲ. ಆ ಹೊತ್ತಿಗೆ ಅವಳು ಹಾವೇರಿಯ ಆ ಸುಣ್ಣವಿಲ್ಲದ ಕೋಣೆಯಲ್ಲಿ, ಈರುಳ್ಳಿಯ ಪೊರೆಯ ಮೇಲೆ ಕಣ್ಣಿಟ್ಟು ಕುಳಿತಿರಬೇಕು. ಅಷ್ಟು ಮಾಡಿ. ಮಾಡಿದ ಮೇಲೆ ತಮ್ಮ ವೇದಿಕೆಯ ಮೇಲೆ ನಿಂತು ಪಕ್ಕಕ್ಕೆ ಕೈ ಚಾಚಿ ನೋಡಿ. ತಟ್ಟೆ ಇರುವುದಿಲ್ಲ, ಅವಳೂ ಇರುವುದಿಲ್ಲ. ಆಗ ಬೇಕಾದರೆ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ, ಕಾವ್ಯಾ ಗೈರುಹಾಜರು ಎಂದು. ಅದಕ್ಕೆ ನಾನೇ ಸಾಕ್ಷಿ ಹಾಕುತ್ತೇನೆ.

ಇಂತಿ,
ತಮ್ಮ ಮೇಜಿನ ಮುಂದೆ ಖುದ್ದು ಹಾಜರಿದ್ದೂ ಲೆಕ್ಕಕ್ಕೆ ಬಾರದ ಸೋದರಮಾವ,
ಸುಭಾಷ
ಮೆಣಸಿನಕಾಯಿ ಪೇಟೆ, ಬ್ಯಾಡಗಿ